ಪಾನಕ, ಪಂಚ್ ಮತ್ತು ಒಂದು ನಿಂಬೆಹಣ್ಣು

ಮುಂಬಯಿಯ ಮದುವೆಗಳಲ್ಲಿ ಈಚೆಗೆ ಊಟದ ಪಂಕ್ತಿಗಿಂತ ಮೊದಲೇ ಇನ್ನೊಂದು ಸಾಲು ಕಾಣಿಸಿಕೊಳ್ಳುತ್ತಿದೆ. ಸಭಾಗೃಹದ ಬಾಗಿಲ ಪಕ್ಕದಲ್ಲಿ ಬಿಳಿಯ ಬಟ್ಟೆ ಹಾಸಿದ ಮೇಜು, ಅದರ ಹಿಂದೆ ಕಪ್ಪು ಕೋಟು ತೊಟ್ಟ ಹುಡುಗ, ಅವನ ಮುಂದೆ ಉದ್ದ ಕಾಲಿನ ಗಾಜಿನ ಲೋಟಗಳು. ಲೋಟದ ಅಂಚಿಗೆ ಉಪ್ಪು ಸವರಿ, ನಿಂಬೆಯ ಬಿಲ್ಲೆಯೊಂದನ್ನು ಸಿಕ್ಕಿಸಿ, ಹಸಿರೋ ನೀಲಿಯೋ ಒಂದು ಪಾನೀಯವನ್ನು ಸುರಿದು ಕೊಡುತ್ತಾನೆ. ಅದರ ಹೆಸರು ಮಾಕ್‌ಟೇಲ್. ಇಂಥದೊಂದು ಆರತಕ್ಷತೆಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ನೆಂಟರ ಹುಡುಗ, ಪುಣೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಲೋಟವನ್ನು ಎತ್ತಿ ಹಿಡಿದು ನಕ್ಕ: “ದೊಡ್ಡಪ್ಪ, ಇದು ಕುಡಿಯದವರಿಗೆ ಕೊಡುವ ಸಮಾಧಾನಕರ ಬಹುಮಾನ.”

ಅವನು ಕುಡಿಯುವವನಲ್ಲ. ಆದರೆ ಆಫೀಸಿನ ಸಂಜೆಯ ಕೂಟಗಳಲ್ಲಿ ನಿಂಬೆರಸದ ಲೋಟ ಹಿಡಿದು ಮೂಲೆಯಲ್ಲಿ ನಿಂತು, ಪ್ರತಿ ಸಲವೂ ಯಾಕೆ ಕುಡಿಯುವುದಿಲ್ಲವೆಂದು ಎಲ್ಲರಿಗೂ ವಿವರಣೆ ಕೊಟ್ಟು ಅವನಿಗೆ ಸಾಕಾಗಿದೆ. ನಗುವಿನ ಹಿಂದೆ ಸ್ವಲ್ಪ ಸಂಕೋಚವೂ ಇತ್ತು. ಮಾಕ್ ಎಂದರೆ ಅಣಕ. ಅಸಲಿಯಾದ ಮದ್ಯದ ನಕಲು ಇದು ಎಂದು ಹೆಸರೇ ಸಾರುತ್ತದೆ. ನನಗೆ ಮಾತ್ರ ಆ ಹೆಸರು ಅಂದಿನಿಂದ ಗಂಟಲಲ್ಲಿ ಸಿಕ್ಕಿಕೊಂಡ ಬೀಜದಂತೆ ಕಾಡುತ್ತಿದೆ. ಹುಳಿ ಹಣ್ಣಿನ ರಸ, ಸಿಹಿ, ಸಂಬಾರ, ನೀರು — ಈ ಕೂಟದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅಸಲಿ ಯಾವುದು, ನಕಲು ಯಾವುದು ಎಂಬ ಲೆಕ್ಕ ತಲೆಕೆಳಗಾಗುತ್ತದೆ.

ಹಣ್ಣಿನಿಂದಲೇ ಆರಂಭಿಸೋಣ. ನಿಂಬೆಯ ಕುಲದ ಮೂಲಸ್ಥಾನ ಹಿಮಾಲಯದ ತಪ್ಪಲು, ಅಸ್ಸಾಮು, ಅದರಿಂದಾಚೆಯ ಬರ್ಮಾ ಮತ್ತು ಚೀನದ ಯುನ್ನಾನ್ ಪ್ರದೇಶ. ಈ ಕುಲದಲ್ಲಿ ಹಿರಿಯರು ಕೆಲವರೇ. ನಮ್ಮ ಮಾದಳ ಅವರಲ್ಲೊಬ್ಬ, ಚಕ್ಕೋತ ಇನ್ನೊಬ್ಬ. ನಾವು ದಿನವೂ ಹಿಂಡುವ ಚಿಕ್ಕ ನಿಂಬೆ ಮಾದಳಕ್ಕೂ ಒಂದು ಕಾಡು ಹುಳಿಹಣ್ಣಿಗೂ ಹುಟ್ಟಿದ ಸಂಕರ. ಪಾಶ್ಚಾತ್ಯರ ಹಳದಿ ಲೆಮನ್ ಮಾದಳಕ್ಕೂ ಹುಳಿ ಕಿತ್ತಳೆಗೂ ಹುಟ್ಟಿದ್ದು. ಇವೆರಡೂ ಬೇರೆ ಬೇರೆ ಹಣ್ಣುಗಳೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ವ್ಯತ್ಯಾಸವನ್ನು ಮರೆತು ಮುಂದೆ ಮನುಷ್ಯರ ಪ್ರಾಣಗಳೇ ಹೋದ ಪ್ರಸಂಗವಿದೆ. ಮೈಸೂರು ಕಡೆಯವರು ನಿಂಬೆ ಎನ್ನುತ್ತಾರೆ, ವಿಜಯಪುರದವರು ಲಿಂಬೆ ಎನ್ನುತ್ತಾರೆ. ಇಂಡಿ ತಾಲ್ಲೂಕಿನ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹೆಸರಿನ ಜಗಳ ಏನೇ ಇರಲಿ, ಹಣ್ಣು ಒಂದೇ.

ಹಣ್ಣಿನ ರಸವನ್ನು ಸೋಸಿ ಕುಡಿಯುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳಿಗೆ ಎಂಟು ಪಾನಕಗಳನ್ನು ಅನುಮತಿಸಲಾಗಿದೆ: ಮಾವು, ನೇರಳೆ, ಬಾಳೆ, ದ್ರಾಕ್ಷಿ ಇತ್ಯಾದಿ. ಮಧ್ಯಾಹ್ನದ ಮೇಲೆ ಊಟ ಮಾಡದ ಭಿಕ್ಷು ಸೋಸಿದ ರಸವನ್ನು ಕುಡಿಯಬಹುದಿತ್ತು. ಎಂಟರಲ್ಲಿ ನಿಂಬೆಯ ಹೆಸರಿಲ್ಲ. ಆದರೆ ರಸವನ್ನು ಬೆಂಕಿಯ ಮೇಲೆ ಕುದಿಸಬಾರದು, ಬಿಸಿಲಿನಲ್ಲಿ ಬೆಚ್ಚಗಾದರೆ ಅಡ್ಡಿಯಿಲ್ಲ ಎಂಬ ವಿವರ ಮಾತ್ರ ಕುತೂಹಲಕರ. ಅದಕ್ಕೆ ಮತ್ತೆ ಬರುತ್ತೇನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಗ್ರಂಥ. ಅದರಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗವೆಂಬ ಪ್ರತ್ಯೇಕ ಭಾಗವೇ ಇದೆ. ನೀರನ್ನು ಹೇಗೆ ಶುದ್ಧಿ ಮಾಡಬೇಕು, ಹೇಗೆ ಪರಿಮಳ ಕೂಡಿಸಬೇಕು ಎಂಬುದನ್ನು ರಾಜ ಮೈಮರೆತು ಬರೆದಿದ್ದಾನೆ. ಅದೇ ಗ್ರಂಥದಲ್ಲಿ ಮದಿರಾಪಾನವೂ ಒಂದು ಕ್ರೀಡೆಯಾಗಿ ಬರುತ್ತದೆ. ಆದ್ದರಿಂದ ನಮ್ಮ ಹಿರಿಯರು ಮದ್ಯವನ್ನೇ ಕಂಡವರಲ್ಲ ಎಂಬ ಹುಸಿ ಹೆಮ್ಮೆ ಬೇಡ. ಗಮನಿಸಬೇಕಾದದ್ದು ಬೇರೆ: ಪಾನೀಯ ಬೇರೆ ಕಡೆ, ಮದಿರೆ ಬೇರೆ ಕಡೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು ಎಂಬ ಭಾವನೆಯೇ ಅಲ್ಲಿಲ್ಲ. 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸ ಕನ್ನಡದಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿಯೂ ಪಾನಕಗಳಿಗೆ ತಮ್ಮದೇ ಅಧ್ಯಾಯವಿದೆ.

ನಮ್ಮ ರಾಮನವಮಿಯ ಪಾನಕವನ್ನೇ ತೆಗೆದುಕೊಳ್ಳಿ. ಬೆಲ್ಲ, ನಿಂಬೆರಸ, ಶುಂಠಿ-ಮೆಣಸು-ಏಲಕ್ಕಿ, ನೀರು. ಹುಳಿ, ಸಿಹಿ, ಸಂಬಾರ, ನೀರು ಎಂದು ನಾಲ್ಕು ಅಂಗಗಳು. ಈ ನಾಲ್ಕನ್ನು ಬೆರಳು ಮಡಚಿ ಇಟ್ಟುಕೊಂಡಿರಿ.

ಈಗ 17ನೆಯ ಶತಮಾನದ ಕಡಲತೀರಕ್ಕೆ ಹೋಗೋಣ. ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರು ಸೂರತ್ತಿನಲ್ಲಿ, ಮಚಲೀಪಟ್ಟಣದಲ್ಲಿ, ಕಾರವಾರದಲ್ಲಿ ಕೋಠಿಗಳನ್ನು ಕಟ್ಟಿಕೊಂಡ ಕಾಲ. ಅವರ ನಾಡಿನ ಬಿಯರು ಹಡಗಿನ ಸೆಕೆಯಲ್ಲಿ ಕೆಡುತ್ತಿತ್ತು, ದ್ರಾಕ್ಷಾರಸ ಹುಳಿಯಾಗುತ್ತಿತ್ತು. ಇಲ್ಲಿ ಸಿಗುತ್ತಿದ್ದದ್ದು ತೆಂಗಿನ, ಈಚಲಿನ ಕಳ್ಳಿನಿಂದ ಭಟ್ಟಿ ಇಳಿಸಿದ ಅರಕು. ಅದನ್ನು ಹಾಗೆಯೇ ಗಂಟಲಿಗೆ ಇಳಿಸುವುದು ಕಷ್ಟ. ಈ ನಾಡಿನ ಜನ ಕುಡಿಯುತ್ತಿದ್ದ ನಿಂಬೆ, ಸಕ್ಕರೆ, ಸಂಬಾರದ ನೀರಿಗೆ ಅವರು ಅರಕನ್ನು ಸುರಿದುಕೊಂಡರು. ಹೀಗೆ ಹುಟ್ಟಿದ ಪಾನೀಯದ ಹೆಸರು ಪಂಚ್. 1632ರಲ್ಲಿ ಕಂಪನಿಯ ನೌಕರನೊಬ್ಬ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಈ ಮಾತು ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ. 1638ರಲ್ಲಿ ಸೂರತ್ತಿಗೆ ಬಂದ ಮಾಂಡೆಲ್‌ಸ್ಲೋ ಎಂಬ ಜರ್ಮನ್ ಪ್ರವಾಸಿಯೂ ಇದನ್ನು ಕಂಡಿದ್ದಾನೆ.

ಹೆಸರಿಗೆ ಅರ್ಥ ಹೇಳಿದವನು ಜಾನ್ ಫ್ರಯರ್ ಎಂಬ ಇಂಗ್ಲಿಷ್ ವೈದ್ಯ. 1672ರಿಂದ ಸುಮಾರು ಹತ್ತು ವರ್ಷ ಭಾರತ ಮತ್ತು ಪರ್ಷಿಯಾಗಳಲ್ಲಿ ತಿರುಗಾಡಿದ ಈತ ಕಾರವಾರದ ಕೋಠಿಯಲ್ಲಿಯೂ ಇದ್ದ, ನಮ್ಮ ಗೋಕರ್ಣವನ್ನೂ ಕಂಡ. ಗೋವೆಯ ಬಳಿಯ ನೆರೂಲಿನ ಅರಕಿನ ವಿಷಯ ಬರೆಯುವಾಗ, ಈ ತೀರದ ಇಂಗ್ಲಿಷರು ಅದರಿಂದ ಮೈಯ ಶಕ್ತಿ ಕುಂದಿಸುವ ಒಂದು ಪೇಯ ಮಾಡುತ್ತಾರೆಂದೂ, ಐದು ವಸ್ತು ಕೂಡಿದ್ದರಿಂದ ಹಿಂದೂಸ್ತಾನಿಯ ‘ಪಾಂಚ್’ ಎಂಬ ಮಾತೇ ಅದರ ಹೆಸರೆಂದೂ ಹೇಳುತ್ತಾನೆ. ಈ ವ್ಯುತ್ಪತ್ತಿಯನ್ನು ಎಲ್ಲ ಕೋಶಕಾರರೂ ಒಪ್ಪುವುದಿಲ್ಲ. ಮದ್ಯದ ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ‘ಪಂಚನ್’ ಎಂಬ ಮಾತು ಮೊಟಕಾಗಿ ಹೀಗಾಯಿತೆಂದು ವಾದಿಸುವವರೂ ಇದ್ದಾರೆ. ಪಂಚಾಮೃತ, ಪಂಚಕಜ್ಜಾಯಗಳ ನಾಡಿನವನಾದ ನನ್ನ ಒಲವು ಎತ್ತ ಕಡೆಗೆ ಎಂದು ಹೇಳಬೇಕಾಗಿಲ್ಲ. ಆದರೆ ಒಲವೇ ಪುರಾವೆಯಲ್ಲ.

ಹೆಸರು ಎಲ್ಲಿಂದಲೇ ಬಂದಿರಲಿ, ಅಂಗಗಳ ಲೆಕ್ಕ ಮಾತ್ರ ಸ್ಪಷ್ಟ: ಹುಳಿ, ಸಿಹಿ, ಸಂಬಾರ, ನೀರು, ಅರಕು. ಮಡಚಿದ ನಾಲ್ಕು ಬೆರಳಿಗೆ ಐದನೆಯದು ಸೇರಿತು, ಅಷ್ಟೆ. ಮುಂದೆ ಈ ಪಂಚ್ ಲಂಡನ್ನಿಗೆ ಹೋಗಿ ದೊಡ್ಡ ಬೋಗುಣಿಗಳಲ್ಲಿ ಮೆರೆಯಿತು. ಕಾಕ್‌ಟೇಲ್ ಎಂಬುದಾದರೋ ಇನ್ನೂ ಎಷ್ಟೋ ಈಚಿನದು. 1806ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಊರಿನ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರವಾಗಿ ಅದರ ಲಕ್ಷಣ ಹೇಳಿತು: ಮದ್ಯ, ಸಕ್ಕರೆ, ನೀರು, ಕಹಿ ಬೇರುಗಳ ಸತ್ವ. ಅದರಲ್ಲಿ ನಿಂಬೆಯ ಸುಳಿವೇ ಇಲ್ಲ! ನಿಂಬೆ ಅಲ್ಲಿಗೆ ಬಂದದ್ದು ಹಳೆಯ ಪಂಚ್‌ನ ಮನೆತನದಿಂದ. ಹಾಗಾದರೆ ನಿಂಬೆ, ಸಕ್ಕರೆ, ಶುಂಠಿ ಕೂಡಿಸಿ ಮದ್ಯ ಬಿಟ್ಟು ಮಾಡಿದ್ದನ್ನು ಕಾಕ್‌ಟೇಲಿನ ಅಣಕವೆಂದು ಕರೆಯುವುದು ಅಜ್ಜನನ್ನು ಮೊಮ್ಮಗನ ನಕಲೆಂದು ಕರೆದಂತೆ.

ನಮ್ಮವರಷ್ಟೇ ಈ ಪಾನೀಯವನ್ನು ಕಂಡುಕೊಂಡವರೆಂದು ಬೀಗುವುದೂ ಸಲ್ಲದು. ಕೈರೋ ನಗರದ ಹಳೆಯ ಯೆಹೂದಿ ಮಂದಿರದ ಗೆನಿಜಾ ಕಾಗದಗಳಲ್ಲಿ, ನಿಂಬೆರಸಕ್ಕೆ ಧಾರಾಳ ಸಕ್ಕರೆ ಸೇರಿಸಿ ಕುಪ್ಪಿಗಳಲ್ಲಿ ತುಂಬಿದ ‘ಕತರ್ಮಿಜಾತ್’ ಎಂಬ ಪಾನೀಯದ ಮಾತು ಬರುತ್ತದೆ. ಸುಲ್ತಾನ ಸಲಾದಿನ್ನನ ವೈದ್ಯ ಇಬ್ನ್ ಜುಮಯ್ ನಿಂಬೆಯ ಮೇಲೆಯೇ ಒಂದು ಪ್ರಬಂಧ ಬರೆದ. ಅದೇ ಗೆನಿಜಾದಲ್ಲಿಯೇ ಮಂಗಳೂರಿನಲ್ಲಿ 12ನೆಯ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ವ್ಯಾಪಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜು ಎಂಬವನ ಕಾಗದಗಳೂ ದೊರೆತಿವೆ. ಅರಬ್ಬಿಯಲ್ಲಿ ಕುಡಿಯುವುದಕ್ಕೆ ಇರುವ ಧಾತುವಿನಿಂದಲೇ ಶರಬತ್ತು ಹುಟ್ಟಿತು. ಇಂಗ್ಲಿಷರ ಸಿರಪ್ ಎಂಬ ಮಾತೂ ಅದರ ದಾಯಾದಿ.

ಇನ್ನು ಮೇಲೆ ಹೇಳಿದ ಪ್ರಾಣಹಾನಿಯ ಕತೆ. ದೀರ್ಘ ಸಮುದ್ರಯಾನದಲ್ಲಿ ತಾಜಾ ಕಾಯಿಪಲ್ಲೆ ಸಿಗದೆ ನಾವಿಕರಿಗೆ ಒಸಡು ಕೊಳೆತು, ಹಳೆಯ ಗಾಯಗಳು ಬಿರಿದು ಸಾಯುವ ಸ್ಕರ್ವಿ ರೋಗ ಬರುತ್ತಿತ್ತು. 1747ರ ಮೇ ತಿಂಗಳಲ್ಲಿ ‘ಸಾಲ್ಸ್‌ಬರಿ’ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಹನ್ನೆರಡು ರೋಗಿಗಳನ್ನು ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಒಬ್ಬರಿಗೆ ಸೇಬಿನ ಮದ್ಯ, ಇನ್ನೊಬ್ಬರಿಗೆ ಹುಳಿಯಾದ ವಿನಿಗರು, ಮತ್ತೊಬ್ಬರಿಗೆ ಕಡಲನೀರು. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಇಬ್ಬರು ಆರೇ ದಿನದಲ್ಲಿ ಚೇತರಿಸಿಕೊಂಡರು. ಹಣ್ಣು ಅಷ್ಟರಲ್ಲಿ ತೀರಿಹೋಗಿತ್ತು. ವೈದ್ಯಚರಿತ್ರೆಯಲ್ಲಿ ಇದು ಹೆಸರಾದ ಪರೀಕ್ಷೆ. ಆದರೆ ಅದೇ ಲಿಂಡ್ ಹಡಗಿನಲ್ಲಿ ಕಾಪಾಡಲು ಅನುಕೂಲವೆಂದು ರಸವನ್ನು ಬೆಂಕಿಯ ಮೇಲಿಟ್ಟು ಗಟ್ಟಿ ಮಾಡಲು ಸಲಹೆ ಕೊಟ್ಟ! ಗುಣ ಬಹಳಷ್ಟು ಆ ಕಾವಿಗೇ ನಾಶವಾಯಿತೆಂದು ಅವನಿಗೆ ತಿಳಿಯಲಿಲ್ಲ. ಬಿಸಿಲು ಸಾಕು, ಬೆಂಕಿ ಬೇಡ ಎಂದ ಭಿಕ್ಷುಗಳ ನಿಯಮಕ್ಕೆ ಕಾರಣ ಬೇರೆಯಿದ್ದಿರಬಹುದು. ಆದರೆ ಆ ನಿಯಮ ಈ ವೈದ್ಯನ ಕಿವಿಗೆ ಬಿದ್ದಿದ್ದರೆ ಚೆನ್ನಾಗಿತ್ತು.

1795ರಲ್ಲಿ ಇಂಗ್ಲಿಷ್ ನೌಕಾದಳ ಲೆಮನ್ ರಸವನ್ನು ಎಲ್ಲ ನಾವಿಕರಿಗೂ ಕೊಡತೊಡಗಿತು. ರಮ್ಮಿನ ಪಡಿಯ ಜೊತೆಗೆ ಅದನ್ನು ಬೆರೆಸಿ ಕುಡಿಸುತ್ತಿದ್ದರು. ರೋಗ ಓಡಿತು. 1860ರ ದಶಕದಲ್ಲಿ ಮೆಡಿಟರೇನಿಯನ್ ತೀರದ ಲೆಮನ್ ಬಿಟ್ಟು, ತಮ್ಮದೇ ವಸಾಹತುಗಳಾದ ವೆಸ್ಟ್ ಇಂಡೀಸಿನ ಚಿಕ್ಕ ನಿಂಬೆಯ ರಸಕ್ಕೆ ಬದಲಾಯಿಸಿಕೊಂಡರು. ಈ ಚಿಕ್ಕ ನಿಂಬೆ ನಮ್ಮದೇ ಕಾಗದಿ ನಿಂಬೆಯ ಜಾತಿ. ಅರಬ್ಬರ ಕೈಯಿಂದ ಸ್ಪೇನಿಗೆ, ಸ್ಪೇನಿನವರ ಕೈಯಿಂದ ಆ ದ್ವೀಪಗಳಿಗೆ ಹೋದದ್ದು. ಹುಳಿ ಹೆಚ್ಚು, ಆದ್ದರಿಂದ ಗುಣವೂ ಹೆಚ್ಚೆಂದು ನಂಬಿದರು. ವಾಸ್ತವದಲ್ಲಿ ಸ್ಕರ್ವಿಯನ್ನು ತಡೆಯುವ ಸತ್ವ ಅದರಲ್ಲಿ ಲೆಮನ್ನಿಗಿಂತ ಗಣನೀಯವಾಗಿ ಕಡಿಮೆ. ಹಳೆಯ ರಸ, ಗಾಳಿ, ತಾಮ್ರದ ಕೊಳವೆಗಳ ಸಹವಾಸದಿಂದ ಇದ್ದದ್ದೂ ನಾಶವಾಯಿತು. 1875ರಲ್ಲಿ ನೇರ್ಸ್ ಎಂಬ ಕಪ್ತಾನನ ಮುಂದಾಳತನದಲ್ಲಿ ಉತ್ತರ ಧ್ರುವದತ್ತ ಹೊರಟ ತಂಡ ನಿಂಬೆರಸವನ್ನು ಜೊತೆಗೆ ಒಯ್ದಿದ್ದರೂ ಸ್ಕರ್ವಿಗೆ ತುತ್ತಾಗಿ, ಜನರನ್ನು ಕಳೆದುಕೊಂಡು ಮರುವರ್ಷ ಹಿಂತಿರುಗಿತು. ನಿಂಬೆಯೇ ಮದ್ದಲ್ಲವೇನೋ ಎಂದು ಪಂಡಿತರಿಗೇ ಸಂಶಯ ಹುಟ್ಟಿತು. ಈ ಗೊಂದಲ ಪೂರ್ತಿ ಬಗೆಹರಿದದ್ದು 20ನೆಯ ಶತಮಾನದಲ್ಲಿ, ಸಿ ಜೀವಸತ್ವವನ್ನು ಬೇರ್ಪಡಿಸಿ ಗುರುತಿಸಿದ ಮೇಲೆ. ಆ ಕೆಲಸಕ್ಕಾಗಿ ಹಂಗೇರಿಯ ಸೆಂಟ್ ಜ್ಯೋರ್ಜಿಗೆ 1937ರಲ್ಲಿ ನೊಬೆಲ್ ಬಹುಮಾನ ಬಂತು.

ಈ ನಡುವೆ ಮದ್ಯವಿಲ್ಲದ ನಿಂಬೆಗೆ ಒಂದು ದೊಡ್ಡ ತಿರುವು ಸಿಕ್ಕಿತು. ಹಡಗಿನ ನಿಂಬೆರಸ ಕೆಡದಿರಲೆಂದು ಅದಕ್ಕೆ ಮದ್ಯ ಬೆರೆಸಿ ಇಡುವುದು ಆಗಿನ ರೂಢಿ. 1867ರಲ್ಲಿ ಸ್ಕಾಟ್‌ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬವನು ಮದ್ಯದ ನೆರವಿಲ್ಲದೆಯೇ ರಸವನ್ನು ಕಾಪಾಡುವ ವಿಧಾನಕ್ಕೆ ಪೇಟೆಂಟು ಪಡೆದ. ಅದೇ ವರ್ಷ ವ್ಯಾಪಾರಿ ಹಡಗುಗಳಲ್ಲಿ ಈ ರಸವನ್ನು ಇಟ್ಟುಕೊಳ್ಳಲೇಬೇಕೆಂಬ ಕಾಯಿದೆಯೂ ಬಂತು. ಸಕ್ಕರೆ ಕೂಡಿಸಿದ ಅವನ ಲೈಮ್ ಕಾರ್ಡಿಯಲ್ ಸಾಮ್ರಾಜ್ಯದ ಮೂಲೆಮೂಲೆಗೂ ಹೋಯಿತು. ಮುಂದೆ ಜನ ಅದಕ್ಕೆ ಜಿನ್ ಸುರಿದುಕೊಂಡು ‘ಗಿಮ್ಲೆಟ್’ ಎಂದರು. ಮತ್ತದೇ ಕತೆ ನೋಡಿ!

ಸೋಡಾದ ವಿಷಯವೂ ಹೀಗೆಯೇ ವಿಚಿತ್ರ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ಭಟ್ಟಿಯ ಪಕ್ಕದಲ್ಲಿ ವಾಸಿಸುತ್ತಿದ್ದ. ಹುದುಗುವ ಬಾನಿಗಳ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಹಿಡಿಸಿ ಹಿತವಾದ ಚುರುಕಿನ ನೀರು ಮಾಡಿದ. 1872ರಲ್ಲಿ ಹೈರಂ ಕಾಡ್ ಎಂಬವನು ಕತ್ತಿನಲ್ಲಿ ಗಾಜಿನ ಗೋಲಿಯಿರುವ ಸೀಸೆಗೆ ಪೇಟೆಂಟು ಪಡೆದ. ಅದೇ ನಮ್ಮ ಗೋಲಿಸೋಡಾ. ಊರ ಜಾತ್ರೆಯಲ್ಲಿ ಗೋಲಿ ಒಳಗಿಳಿಯುವ ಆ ಸದ್ದನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರು. ಮುಂಬಯಿಯ ಪಾರಸಿಗಳು ಸೋಡಾ ಕಾರ್ಖಾನೆಗಳನ್ನು ತೆರೆದರು. ಪಾಲನ್‌ಜಿ 1865ರದು, ಡ್ಯೂಕ್ಸ್ 1889ರದು. ಮಂಜುಗಡ್ಡೆಯಾದರೋ ಮೊದಲು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿತ್ತು, 1833ರಲ್ಲಿ ಕಲ್ಕತ್ತೆಗೆ ಮೊದಲನೆಯದು. ಮದರಾಸಿನ ಮರೀನಾ ತೀರದಲ್ಲಿ ಆ ಗಡ್ಡೆಗಳನ್ನು ಇಡುತ್ತಿದ್ದ ಕಟ್ಟಡವೇ ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡ ಮನೆ. ಚೆನ್ನೈಯ ನಮ್ಮ ಬಂಧುಗಳಿಗೆ ಅದು ಇಂದಿಗೂ ಐಸ್‌ಹೌಸ್.

ಇನ್ನು ನಮ್ಮ ಮುಂಬಯಿಯ ಮಾತು. 1939ರ ಆಗಸ್ಟ್ 1ರಂದು ಕಾಂಗ್ರೆಸ್ ಮಂತ್ರಿಮಂಡಲ ನಗರದಲ್ಲಿ ಪಾನನಿಷೇಧ ತಂದಿತು; ಅಬಕಾರಿ ಸಚಿವರಾಗಿದ್ದ ಡಾ. ಗಿಲ್ಡರ್ ಸ್ವತಃ ಪಾರಸಿ, ಮದ್ಯದ ವ್ಯಾಪಾರದಲ್ಲಿ ಅನೇಕ ಪಾರಸಿಗಳೇ ಇದ್ದರು. ಸ್ವಾತಂತ್ರ್ಯದ ಮೇಲೆ 1949ರ ಕಾಯಿದೆ, 1950ರ ಏಪ್ರಿಲಿನಿಂದ ಪೂರ್ಣ ನಿಷೇಧ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ನಮ್ಮ ಉತ್ತರದ ಜಿಲ್ಲೆಗಳ ಹಿರಿಯರಿಗೂ ಈ ಕಾಯಿದೆ ಪರಿಚಿತ. ಸಂಬಳದ ದಿನ ಗಂಡ ಮನೆಗೆ ಹಣ ತರುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದ ಚಾಳಿನ ಹೆಂಗಸರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಆದರೆ ಕಳ್ಳಭಟ್ಟಿ ಹೆಚ್ಚಿತು, ಪೊಲೀಸರಿಗೂ ಅಡ್ಡೆಯವರಿಗೂ ಒಳಒಪ್ಪಂದ ಬೆಳೆಯಿತು, ವಿಷದ ಸಾರಾಯಿ ಕುಡಿದು ಬಡವರು ಸತ್ತರು. 1960ರ ದಶಕದಿಂದ ಕಟ್ಟು ಸಡಿಲವಾಯಿತು. ‘ಪರ್ಮಿಟ್ ರೂಮ್’ ಎಂಬ ಫಲಕ ಮಾತ್ರ ಅದರ ಪಳೆಯುಳಿಕೆಯಾಗಿ ಇಂದಿಗೂ ಬೀದಿಬೀದಿಯಲ್ಲಿದೆ. ಬಿಡಿಸುವುದು ಕಾಯಿದೆಯಿಂದ ಆಗುವ ಕೆಲಸವಲ್ಲವೆಂದೇ ನನ್ನ ಅಭಿಪ್ರಾಯ. ಕುಡಿಯದವನಿಗೆ ಕೈಯಲ್ಲಿ ಹಿಡಿಯಲು ಮರ್ಯಾದೆಯ ಲೋಟವೊಂದನ್ನು ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಆ ಲೋಟ ಮಾರುಕಟ್ಟೆಯ ನೀಲಿ ಸೀಸೆಯಿಂದ ಬರಬೇಕಾಗಿಲ್ಲ. ಪಂಚ್ ಮಾಡುತ್ತಿದ್ದವರಿಂದಲೇ ಕಲಿಯಬಹುದಾದ ಉಪಾಯಗಳಿವೆ. ವೆಸ್ಟ್ ಇಂಡೀಸಿನಲ್ಲಿ ಹುಳಿ ಒಂದು, ಸಿಹಿ ಎರಡು, ಮದ್ಯ ಮೂರು, ನೀರು ನಾಲ್ಕು ಪಾಲು ಎಂಬ ಹಳೆಯ ಅಳತೆ. ಮದ್ಯದ ಮೂರನ್ನೂ ನೀರಿಗೇ ಸೇರಿಸಿದರೆ ಒಂದು, ಎರಡು, ಏಳು. ಸಕ್ಕರೆಪಾಕ ತೆಳ್ಳಗಿದ್ದರೆ ಇದು ನಮ್ಮ ನಾಲಿಗೆಗೂ ಸರಿಹೋಗುತ್ತದೆ. ಆದರೆ ಬರೀ ನೀರು ಸೇರಿಸಿದರೆ ರುಚಿ ಸಪ್ಪೆ ಎನಿಸುತ್ತದೆ, ಮದ್ಯ ಕೊಡುವ ಒಗರು ಮತ್ತು ಚುರುಕು ಅಲ್ಲಿರುವುದಿಲ್ಲ. ಒಗರಿಗೆ ನೀರಿನ ಬದಲು ಹಾಲಿಲ್ಲದ ತೆಳುವಾದ ಚಹ. ಹಿಂದಿನವರು ಪಂಚ್‌ಗೂ ಚಹ ಹಾಕುತ್ತಿದ್ದರು. ಚುರುಕಿಗೆ ಶುಂಠಿ, ಮೆಣಸು.

ಇನ್ನೊಂದು ಉಪಾಯ ಸಿಪ್ಪೆಯದು. ಕಂಪು ಇರುವುದು ರಸದಲ್ಲಲ್ಲ, ಸಿಪ್ಪೆಯ ಎಣ್ಣೆಯಲ್ಲಿ. ಹಿಂದೆ ಸಕ್ಕರೆಯ ಅಚ್ಚನ್ನೇ ಹಣ್ಣಿನ ಮೇಲೆ ಉಜ್ಜಿ ಆ ಎಣ್ಣೆಯನ್ನು ತೆಗೆಯುತ್ತಿದ್ದರು. ನಾವು ಹೀಗೆ ಮಾಡಬಹುದು: ಮೂರು ಕಿತ್ತಳೆ, ಎರಡು ನಿಂಬೆಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ, ಬಣ್ಣದ ಮೇಲ್ಪದರವನ್ನಷ್ಟೇ ತೆಳ್ಳಗೆ ಹೆರೆಯಿರಿ; ಒಳಗಿನ ಬಿಳಿ ಬಂದರೆ ಕಹಿ. ಅದಕ್ಕೆ ಒಂದು ಬಟ್ಟಲು ಸಕ್ಕರೆ ಸೇರಿಸಿ ಕೈಯಿಂದ ಕಿವುಚಿ ಮುಚ್ಚಿಡಿ. ನಾಲ್ಕೈದು ಗಂಟೆಯಲ್ಲಿ ಸಕ್ಕರೆ ಒದ್ದೆಯಾಗಿ ಮನೆಯೆಲ್ಲ ಘಮಘಮ ಎನ್ನುತ್ತದೆ. ಆಗ ಜಜ್ಜಿದ ಶುಂಠಿ, ನಾಲ್ಕು ಏಲಕ್ಕಿ, ಆರು ಮೆಣಸಿನ ಕಾಳು ಹಾಕಿ ಕುದಿಸಿದ ಎರಡು ಲೋಟ ತೆಳು ಚಹವನ್ನು ಅದರ ಮೇಲೆ ಸುರಿದು, ಸಕ್ಕರೆ ಕರಗಿದ ಮೇಲೆ ಸೋಸಿ ಆರಲು ಬಿಡಿ. ಪೂರ್ತಿ ತಣ್ಣಗಾದ ಮೇಲೆಯೇ ನಾಲ್ಕು ನಿಂಬೆಯ, ಆ ಮೂರು ಕಿತ್ತಳೆಯ ರಸ, ಒಂದು ಚಿಟಿಕೆ ಉಪ್ಪು. ಬಡಿಸುವಾಗ ಲೋಟದಲ್ಲಿ ಅರ್ಧ ಇದು, ಅರ್ಧ ತಣ್ಣನೆಯ ಸೋಡಾ. ಸಕ್ಕರೆಯ ಬದಲು ಬೆಲ್ಲವೂ ಆದೀತು. ಆಗ ಚಹ ಬೇಡ, ಕಿತ್ತಳೆಯೂ ಬೇಡ, ನೀವು ರಾಮನವಮಿಯ ಪಾನಕಕ್ಕೇ ಮರಳಿರುತ್ತೀರಿ.

ನೆಂಟರ ಹುಡುಗನಿಗೆ ದೀಪಾವಳಿಯಲ್ಲಿ ಇದನ್ನೇ ಮಾಡಿಕೊಟ್ಟೆವು. ಎರಡು ಲೋಟ ಕುಡಿದು ಹೆಸರೇನೆಂದು ಕೇಳಿದ. ಪಾನಕ ಎಂದೆ. ಮಾಡುವ ಬಗೆಯನ್ನು ಫೋನಿನಲ್ಲಿ ಬರೆದುಕೊಂಡು ಹೋದ. ಒಂದು ಮಾತು ಅವನಿಗೆ ಹೇಳಲು ಮರೆತೆ, ಇಲ್ಲಿ ಬರೆಯುತ್ತೇನೆ: ಹಿಂಡಿದ ರಸವನ್ನು ಮರುದಿನಕ್ಕೆ ಉಳಿಸಬಾರದು, ಕಹಿ ತಿರುಗುತ್ತದೆ, ಅತಿಥಿಗಳು ಬರುವ ಹೊತ್ತಿಗೆ ಹಿಂಡಿದರೆ ಸಾಕು.